ಇಬ್ಬರನ್ನು ಬಿಟ್ಟು ಬನ್ನಿ

ಸೋತವರ ಚರಿತ್ರೆಯನ್ನು ಯಾರೂ ಬರೆಯುವುದಿಲ್ಲವೆಂದು ದೂರುವುದುಂಟು. ಗೆದ್ದೂ ಹಬ್ಬಕ್ಕೆ ಕರೆ ಬಾರದೆ ಮನೆಗೆ ಮರಳಿದವರ ಚರಿತ್ರೆ ಇನ್ನೂ ಅಪರೂಪ. ಅಂಥ ಒಂದು ತಂಡದ ಕಥೆ ನನಗೆ ತಿಳಿದುದು ಈ ಮುದಿತನದಲ್ಲಿ, ಅದೂ ಅಕಸ್ಮಾತ್ತಾಗಿ, ಒಂದು ಕಟ್ಟಡದ ಮೇಲಿದ್ದ ಹೆಸರಿನಿಂದ.

ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆ. ಮನೆಯಲ್ಲಿ ಕುಳಿತು ಬೇಸರಪಡುವ ತಾತನನ್ನು ಒಂದು ದಿನ ಮೊಮ್ಮಗಳು ಸ್ಯಾನ್ ಫ್ರಾನ್ಸಿಸ್ಕೊ ನಗರ ತೋರಿಸಲು ಕರೆದುಕೊಂಡು ಹೋದಳು. ಆ ಊರಿನಲ್ಲಿ ಸಮನಾದ ನೆಲವೇ ಇಲ್ಲ. ಏದುಸಿರು ಬಿಡುತ್ತ ಒಂದು ದಿಣ್ಣೆಯನ್ನು ಹತ್ತಿದರೆ ಜೋಡಿಗೋಪುರದ ದೊಡ್ಡ ಚರ್ಚು, ಅದರ ಪಕ್ಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾನಿಲಯ. ಜೆಸುಯಿಟ್ ಪಾದ್ರಿಗಳು 1855ರಲ್ಲಿ ಸ್ಥಾಪಿಸಿದ ವಿದ್ಯಾಸಂಸ್ಥೆ. ಅಲ್ಲಿಯ ಒಂದು ವಿದ್ಯಾರ್ಥಿನಿಲಯದ ಮುಂದೆ ದಣಿವಾರಿಸಿಕೊಳ್ಳಲು ನಿಂತೆ. ‘ಬರ್ಲ್ ಟೋಲರ್’ ಎಂಬ ಹೆಸರು ಅದಕ್ಕೆ.

“ತಾತ, ಇದಕ್ಕೆ ಮೊದಲು ಬೇರೆ ಹೆಸರಿತ್ತಂತೆ. 2017ರಲ್ಲಿ ಬದಲಾಯಿಸಿದರಂತೆ” ಎಂದಳು ಮೊಮ್ಮಗಳು, ಕೈಯಲ್ಲಿದ್ದ ಫೋನನ್ನು ನೋಡುತ್ತ.

ಮೊದಲಿದ್ದುದು ಜೇಮ್ಸ್ ಫೆಲನ್ನನ ಹೆಸರು. ಆತ ಆ ನಗರದ ಮೇಯರ್ ಆಗಿದ್ದವನು, ಅಮೆರಿಕದ ಸೆನೆಟ್ ಸಭೆಯ ಸದಸ್ಯನಾಗಿದ್ದವನು. 1920ರ ಚುನಾವಣೆಯಲ್ಲಿ ಕ್ಯಾಲಿಫೋರ್ನಿಯವನ್ನು ಬಿಳಿಯರ ನಾಡಾಗಿಯೇ ಉಳಿಸಿಕೊಳ್ಳಬೇಕೆಂಬ ಘೋಷಣೆಯನ್ನು ಮುಂದಿಟ್ಟು ಮತ ಕೇಳಿದವನು. ಅವನ ಕಣ್ಣಿದ್ದುದು ಏಷ್ಯದಿಂದ ಬಂದವರ ಮೇಲೆ. ಅವನ ಲೆಕ್ಕದಲ್ಲಿ ನಾನೂ ನನ್ನ ಮೊಮ್ಮಗಳೂ ಆ ದಿಣ್ಣೆಯನ್ನು ಹತ್ತಬಾರದಾಗಿತ್ತು. ಆ ಚುನಾವಣೆಯಲ್ಲಿ ಅವನು ಸೋತನು. ಆದರೂ ಹೆಸರು ಮಾತ್ರ ಕಟ್ಟಡದ ಮೇಲೆ ಬಹುಕಾಲ ಉಳಿಯಿತು. ವಿದ್ಯಾರ್ಥಿಗಳು ಆಕ್ಷೇಪಿಸಿದ ಮೇಲೆ ಅದನ್ನು ತೆಗೆದು, ಅದೇ ಕಾಲೇಜಿನಲ್ಲಿ ಓದಿದ್ದ ಒಬ್ಬ ಕಪ್ಪು ಆಟಗಾರನ ಹೆಸರನ್ನಿಟ್ಟರು.

ಯಾರು ಈ ಟೋಲರ್? ಮನೆಗೆ ಬಂದ ಮೇಲೆ ವಿಚಾರಿಸುತ್ತ ಹೋದೆ. ಆ ವಿಚಾರಣೆ ನನ್ನನ್ನು 1951ನೆಯ ಇಸವಿಗೆ ಕರೆದೊಯ್ದಿತು. ಅಲ್ಲಿಂದ ಇನ್ನೆಲ್ಲಿಗೋ ಕರೆದೊಯ್ದಿತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಆಟದ ವಿಷಯ ಎರಡು ಮಾತು. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಾಟವನ್ನಲ್ಲ. ಹೆಸರಿನಲ್ಲಿ ಕಾಲಿದೆಯೇ ಹೊರತು ಚೆಂಡಿಗೆ ಕಾಲು ತಾಗುವುದು ಅಪರೂಪ. ಚೆಂಡೂ ದುಂಡಗಿಲ್ಲ, ಮೊಟ್ಟೆಯಂತೆ ಉದ್ದ. ತಲೆಗೆ ಶಿರಸ್ತ್ರಾಣ, ಹೆಗಲಿಗೆ ಮೆತ್ತೆ ಕಟ್ಟಿಕೊಂಡ ಹನ್ನೊಂದು ಮಂದಿ ಒಂದು ಕಡೆ, ಅಷ್ಟೇ ಮಂದಿ ಇನ್ನೊಂದು ಕಡೆ. ಚೆಂಡನ್ನು ಎದೆಗವಚಿಕೊಂಡು ಓಡಬೇಕು, ಇಲ್ಲವೆ ಕೈಯಿಂದ ಮುಂದಕ್ಕೆ ಎಸೆಯಬೇಕು. ಎದುರು ಪಕ್ಷದವರು ಓಡುವವನನ್ನು ಕೆಡವಬೇಕು. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋದರೆ ಆಟ ಮುಂದುವರಿಯುತ್ತದೆ. ಎದುರಾಳಿಯ ಕೊನೆಯ ಗೆರೆಯನ್ನು ದಾಟಿದರೆ ಆರು ಅಂಕ. ಅದಕ್ಕೆ ಟಚ್‌ಡೌನ್ ಎಂದು ಹೆಸರು. ಓಡುವವನಿಗೆ ದಾರಿ ಮಾಡಿಕೊಡಲು ಉಳಿದ ಹತ್ತು ಮಂದಿ ತಮ್ಮ ಮೈಯನ್ನೇ ಒಡ್ಡುತ್ತಾರೆ. ಒಬ್ಬನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಹತ್ತು ಮಂದಿಯ ಪಕ್ಕೆಲುಬು ನೋಯುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಸ್ಯಾನ್ ಫ್ರಾನ್ಸಿಸ್ಕೊ ಕಾಲೇಜಿನ ತಂಡಕ್ಕೆ ‘ಡಾನ್ಸ್’ ಎಂದು ಹೆಸರು. ಅದು ಸಿರಿವಂತರ ತಂಡವಲ್ಲ. ಪ್ರತಿ ವರ್ಷ ಖರ್ಚು ಹೆಚ್ಚು, ಟಿಕೆಟ್ಟಿನ ಹಣ ಕಡಮೆ. ಗೋಲ್ಡನ್ ಗೇಟ್ ಉದ್ಯಾನದ ಅಂಚಿನಲ್ಲಿದ್ದ ಕೀಜರ್ ಕ್ರೀಡಾಂಗಣ ಇವರ ಅಂಗಳ. ಅದು ಐವತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಸುವಂಥದು. ಇವರ ಪಂದ್ಯಗಳಲ್ಲಿ ಅದು ತುಂಬುತ್ತಿರಲಿಲ್ಲ. ಅದೇ ಅಂಗಳದಲ್ಲಿ 1946ರಿಂದ ‘ಫಾರ್ಟಿನೈನರ್ಸ್’ ಎಂಬ ವೃತ್ತಿಪರ ತಂಡವೂ ಆಡತೊಡಗಿ ನೋಡುವವರನ್ನು ತನ್ನ ಕಡೆಗೆ ಸೆಳೆದುಕೊಂಡಿತ್ತು.

ತರಬೇತುದಾರ ಜೋ ಕುಹಾರಿಚ್ 1948ರಲ್ಲಿ ಬಂದವನು. ಬಹಳ ಕಟ್ಟುನಿಟ್ಟು. ಹುಡುಗರು ಬಗೆಬಗೆಯವರು. ಜಿನೊ ಮಾರ್ಕೆಟ್ಟಿ ಇಟಲಿಯಿಂದ ವಲಸೆ ಬಂದವರ ಮಗ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಯೂರೋಪಿನ ರಣಾಂಗಣದಲ್ಲಿ ಮೆಷಿನ್‌ಗನ್ ಹಿಡಿದು ಬಂದವನು. ಬಾಬ್ ಸೇಂಟ್ ಕ್ಲೇರ್ ಸ್ಯಾನ್ ಫ್ರಾನ್ಸಿಸ್ಕೊದವನೇ. ಆರು ಅಡಿ ಒಂಬತ್ತು ಅಂಗುಲದ ಆಳು. ಹಸಿ ಮಾಂಸವನ್ನೇ ತಿನ್ನುತ್ತಿದ್ದನೆಂದು ಪ್ರತೀತಿ. ಚೆಂಡನ್ನು ಎಸೆಯುವವನು ಎಡ್ ಬ್ರೌನ್. ತಂಡದ ಸುದ್ದಿಗಳನ್ನು ಪತ್ರಿಕೆಗಳಿಗೆ ಒದಗಿಸುವ ಕೆಲಸದಲ್ಲಿದ್ದವನು ಪೀಟ್ ರೋಜೆಲ್ ಎಂಬ ಇಪ್ಪತ್ತೈದರ ಯುವಕ. ಮುಂದೆ 1960ರಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲಿಗೆಲ್ಲ ಕಮಿಷನರನಾಗಿ ಸುಮಾರು ಮೂವತ್ತು ವರ್ಷ ಆಳಿದವನು ಈತನೇ.

ತಂಡದಲ್ಲಿ ಇಬ್ಬರು ಮಾತ್ರ ಕಪ್ಪು ಹುಡುಗರು. ಒಬ್ಬ ಆಲಿ ಮ್ಯಾಟ್ಸನ್, ಹುಟ್ಟಿದುದು ಟೆಕ್ಸಾಸಿನಲ್ಲಿ. ಇನ್ನೊಬ್ಬ ಬರ್ಲ್ ಟೋಲರ್; ಟೆನೆಸ್ಸಿಯ ಮೆಂಫಿಸ್ ಊರಿನವನು. ಎರಡೂ ದಕ್ಷಿಣದ ಸೀಮೆಗಳು. ಆ ದಿನಗಳಲ್ಲಿ ಅಲ್ಲಿ ಕಪ್ಪು ಮಕ್ಕಳಿಗೆ ಶಾಲೆ ಬೇರೆ, ಬಸ್ಸಿನಲ್ಲಿ ಸೀಟು ಬೇರೆ, ನೀರು ಕುಡಿಯುವ ನಲ್ಲಿ ಬೇರೆ. ಇದು ಬರಿಯ ರೂಢಿಯಲ್ಲ, ಕಾನೂನು. ಇಬ್ಬರೂ ಸ್ಯಾನ್ ಫ್ರಾನ್ಸಿಸ್ಕೊದ ಸಿಟಿ ಕಾಲೇಜಿನಲ್ಲಿ ಒಟ್ಟಿಗೆ ಆಡಿ ಇಲ್ಲಿಗೆ ಬಂದವರು. ಮ್ಯಾಟ್ಸನ್ ಚೆಂಡು ಹಿಡಿದು ಓಡುವವನು. ಟೋಲರ್ ಓಡಿಬರುವವರನ್ನು ಕೆಡವುವವನು.

1951ರ ಪಂದ್ಯಾವಳಿ ಆರಂಭವಾದುದು ಸೆಪ್ಟೆಂಬರಿನಲ್ಲಿ. ಸ್ಯಾನ್ ಹೋಸೆ ಸ್ಟೇಟ್ ತಂಡದ ಮೇಲೆ 39–2. ಐಡಹೊ ತಂಡದ ಮೇಲೆ 28–7. ಕ್ಯಾಂಪ್ ಪೆಂಡಲ್ಟನ್ನಿನ ಸೈನಿಕರ ಮೇಲೆ 26–0. ಮತ್ತೆ ಸ್ಯಾನ್ ಹೋಸೆಯ ಮೇಲೆ 42–7. ಪಶ್ಚಿಮದಲ್ಲಿ ಏನು ಗೆದ್ದರೂ ಪೂರ್ವದ ದೊಡ್ಡ ಪತ್ರಿಕೆಗಳು ತಿರುಗಿ ನೋಡುತ್ತಿರಲಿಲ್ಲ. ಅಕ್ಟೋಬರ್ 20ರಂದು ನ್ಯೂಯಾರ್ಕಿನಲ್ಲಿ ಫೋರ್ಡಂ ವಿಶ್ವವಿದ್ಯಾನಿಲಯದೊಡನೆ ಪಂದ್ಯ. ಎದುರಾಳಿ ಒದ್ದು ಕಳಿಸಿದ ಚೆಂಡನ್ನು ಮ್ಯಾಟ್ಸನ್ ತನ್ನ ತುದಿಯಲ್ಲಿ ಹಿಡಿದು ಮೈದಾನದ ಉದ್ದಕ್ಕೂ, ಒಮ್ಮೆ 94 ಗಜ, ಇನ್ನೊಮ್ಮೆ 90 ಗಜ ಓಡಿ ಗೆರೆ ದಾಟಿದನು. ಆದರೂ ಗೆಲುವು ಸುಲಭವಾಗಿರಲಿಲ್ಲ: 32–26.

ಅದೇ ದಿನ, ಅದೇ ಅಕ್ಟೋಬರ್ 20ರಂದು, ಓಕ್ಲಹೋಮಾ ಪ್ರಾಂತದ ಇನ್ನೊಂದು ಮೈದಾನದಲ್ಲಿ ಡ್ರೇಕ್ ವಿಶ್ವವಿದ್ಯಾನಿಲಯದ ಜಾನಿ ಬ್ರೈಟ್ ಎಂಬ ಕಪ್ಪು ಆಟಗಾರನ ದವಡೆ ಮುರಿಯಿತು. ಚೆಂಡು ಅವನ ಕೈಯಲ್ಲಿರದಾಗಲೇ ಎದುರಾಳಿಯೊಬ್ಬ ಮುಖಕ್ಕೆ ಗುದ್ದಿದ್ದನು. ಪತ್ರಿಕಾ ಛಾಯಾಗ್ರಾಹಕರಿಬ್ಬರು ಅದನ್ನು ಒಂದರ ಮೇಲೊಂದರಂತೆ ಚಿತ್ರ ತೆಗೆದರು. ಆ ಚಿತ್ರಗಳಿಗೆ 1952ರಲ್ಲಿ ಪುಲಿಟ್ಜರ್ ಬಹುಮಾನ ಬಂದಿತು. ಒಂದೇ ದಿನ ಒಬ್ಬ ಕಪ್ಪು ಹುಡುಗ ನ್ಯೂಯಾರ್ಕಿನಲ್ಲಿ ಚಪ್ಪಾಳೆ ಗಿಟ್ಟಿಸಿದ, ಇನ್ನೊಬ್ಬ ಓಕ್ಲಹೋಮಾದಲ್ಲಿ ದವಡೆ ಮುರಿಸಿಕೊಂಡ. ಆ ದೇಶ ಆಗ ಇದ್ದುದು ಹಾಗೆ.

ಮುಂದಿನ ಪಂದ್ಯಗಳ ಕಥೆಯೂ ಗೆಲುವಿನದೇ. ಸ್ಯಾನ್ ಡಿಯಾಗೊದ ನೌಕಾಪಡೆಯವರ ಮೇಲೆ 26–7. ಸೋದರ ಜೆಸುಯಿಟ್ ಕಾಲೇಜಾದ ಸಾಂತ ಕ್ಲಾರದ ಮೇಲೆ 26–7. ನವೆಂಬರ್ 17ರಂದು ಸ್ಟಾಕ್ಟನ್ ಊರಿನಲ್ಲಿ ಕಾಲೇಜ್ ಆಫ್ ದಿ ಪೆಸಿಫಿಕ್ ತಂಡದೊಡನೆ ಪಂದ್ಯ. ಇದರಲ್ಲಿ ಗೆದ್ದವರಿಗೆ ಹೊಸವರ್ಷದ ದೊಡ್ಡ ಪಂದ್ಯಕ್ಕೆ ಕರೆ ಬರುವುದೆಂಬ ಮಾತಿತ್ತು. ಡಾನ್ಸ್ ಗೆದ್ದರು, 47–14. ನವೆಂಬರ್ 24ರಂದು ಲಾಸ್ ಏಂಜಲಿಸಿನ ಲಯೋಲ ತಂಡದ ಮೇಲೆ ಕೊನೆಯ ಪಂದ್ಯ, 20–2. ಒಂಬತ್ತಕ್ಕೆ ಒಂಬತ್ತು. ತಾವು ಗಳಿಸಿದ ಅಂಕ 286, ಬಿಟ್ಟುಕೊಟ್ಟುದು 72. ಮ್ಯಾಟ್ಸನ್ ಒಬ್ಬನೇ ಓಡಿದುದು 1,566 ಗಜ, 21 ಟಚ್‌ಡೌನ್. ಆ ವರ್ಷ ಇಡೀ ದೇಶದ ಕಾಲೇಜು ತಂಡಗಳಲ್ಲಿ ಅಷ್ಟು ದೂರ ಓಡಿದವನು ಇನ್ನೊಬ್ಬನಿರಲಿಲ್ಲ.

ಇನ್ನು ಹೊಸವರ್ಷದ ಪಂದ್ಯಗಳು. ಬಟ್ಟಲಿನ ಆಕಾರದ ಕ್ರೀಡಾಂಗಣಗಳಲ್ಲಿ ನಡೆಯುವುದರಿಂದ ಅವಕ್ಕೆ ‘ಬೌಲ್’ ಎಂದು ಹೆಸರಾಯಿತು. ಕಾಲೇಜಿಗೆ ಹಣ, ಆಟಗಾರನಿಗೆ ಹೆಸರು, ಊರಿಗೆ ಹಬ್ಬ. ಕ್ಯಾಲಿಫೋರ್ನಿಯದ ರೋಸ್ ಬೌಲ್ ಎರಡು ದೊಡ್ಡ ಕೂಟಗಳಿಗೆ ಒಪ್ಪಂದದ ಮೇಲೆ ಮೀಸಲಾಗಿತ್ತು. ಡಾನ್ಸ್ ತಮ್ಮ ಕೊನೆಯ ಪಂದ್ಯವನ್ನು ಅದೇ ಅಂಗಳದಲ್ಲಿ ಆಡಿದ್ದರೂ ಹೊಸವರ್ಷಕ್ಕೆ ಅಲ್ಲಿ ಜಾಗವಿರಲಿಲ್ಲ. ಉಳಿದ ದೊಡ್ಡವು ದಕ್ಷಿಣದಲ್ಲಿದ್ದವು: ಮಯಾಮಿಯ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸಿನ ಶುಗರ್ ಬೌಲ್, ಜಾಕ್ಸನ್‌ವಿಲ್ಲಿನ ಗೇಟರ್ ಬೌಲ್.

ಕರೆ ಬರಲಿಲ್ಲ. ಎದುರಾಳಿಗಳು ಅಷ್ಟು ಬಲಶಾಲಿಗಳಾಗಿರಲಿಲ್ಲ ಎಂಬ ನೆವವನ್ನು ಹೇಳಿದವರುಂಟು. ಆದರೆ ಆಟಗಾರರು ತಮ್ಮ ಜೀವಮಾನವೆಲ್ಲ ಹೇಳುತ್ತ ಬಂದ ಸಂಗತಿ ಬೇರೆ. ದಕ್ಷಿಣದಿಂದ ಒಂದು ಸೂಚನೆ ಬಂದಿತ್ತು: ಮ್ಯಾಟ್ಸನ್ ಮತ್ತು ಟೋಲರ್ ಇಬ್ಬರನ್ನು ಬಿಟ್ಟು ಬರುವುದಾದರೆ ಕರೆ ಉಂಟು. ಕುಹಾರಿಚ್ ಅದನ್ನು ಹುಡುಗರ ಮುಂದಿಟ್ಟನು. ಅವರು ಮತ ಹಾಕಲಿಲ್ಲ, ಸಭೆ ಸೇರಿಸಲಿಲ್ಲ. ಆಗುವುದಿಲ್ಲವೆಂದರು. ಮಾತು ಅಲ್ಲಿಗೇ ಮುಗಿಯಿತು.

ಈ ಘಟನೆಯಲ್ಲಿ ನನಗೆ ವಿಸ್ಮಯವೆನಿಸುವುದು ಅದರ ಸರಳತೆ. ಅವರು ಯಾರೂ ಸುಧಾರಕರಲ್ಲ, ಚಳವಳಿಗಾರರಲ್ಲ. ಮಾಂಟ್‌ಗೊಮರಿಯ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಸೀಟು ಬಿಡಲೊಲ್ಲೆನೆಂದದ್ದು 1955ರ ಡಿಸೆಂಬರಿನಲ್ಲಿ. ಕಪ್ಪು ಮಕ್ಕಳಿಗೆ ಬೇರೆ ಶಾಲೆ ನಡೆಸುವುದು ಅನ್ಯಾಯವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 1954ರಲ್ಲಿ. ಅದಕ್ಕೂ ಮೊದಲೇ, ಇಪ್ಪತ್ತು ಇಪ್ಪತ್ತೈದರ ಬಿಳಿಯ ಹುಡುಗರು, ತಮ್ಮ ಬಾಳಿನಲ್ಲಿ ಒಮ್ಮೆ ಮಾತ್ರ ಬರಬಹುದಾಗಿದ್ದ ಅವಕಾಶವನ್ನು ಬೇಡವೆಂದರು. ಟೋಲರ್ ತಡೆದುದರಿಂದ ಉಳಿದ ಅಂಕಗಳೆಷ್ಟು, ಮ್ಯಾಟ್ಸನ್ ಓಡಿದುದರಿಂದ ಬಂದ ಗೆಲುವುಗಳೆಷ್ಟು ಎಂಬುದು ಅವರಿಗೆ ಪಕ್ಕೆಲುಬಿನ ನೋವಿನಿಂದಲೇ ತಿಳಿದಿತ್ತು. ಒಟ್ಟಿಗೆ ಗೆದ್ದವರು ಒಟ್ಟಿಗೆ ಹೋಗಬೇಕು, ಇಲ್ಲವೆ ಹೋಗಬಾರದು. ಇಷ್ಟೇ ಅವರ ತತ್ತ್ವ.

ಇಷ್ಟು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮೇಲೆ ಆಮೇಲೆ ಹೇಳುತ್ತೇನೆಂದ ಸಂಗತಿ ಇದು.

1959ರಲ್ಲಿ ನಾನು ಹೈಸ್ಕೂಲಿನ ಕೊನೆಯ ತರಗತಿಯಲ್ಲಿದ್ದೆ. ನಮ್ಮದೊಂದು ವಾಲಿಬಾಲ್ ತಂಡ, ಆರು ಮಂದಿ. ಪಕ್ಕದ ತಾಲ್ಲೂಕಿನ ಊರಿಗೆ ಬಸ್ಸಿನಲ್ಲಿ ಹೋಗಿ ಆಡಿ ಗೆದ್ದೆವು. ಗೆಲ್ಲಿಸಿದವನು ನಮ್ಮಲ್ಲೆಲ್ಲ ಎತ್ತರವಾಗಿದ್ದ ಒಬ್ಬ ಹುಡುಗ. ಅವನು ಹೊಡೆದ ಚೆಂಡು ನೆಲ ಮುಟ್ಟುವುದು ಕಣ್ಣಿಗೆ ಕಾಣುತ್ತಿರಲಿಲ್ಲ. ಸಂಜೆ ಆ ಊರಿನ ದೊಡ್ಡ ಮನೆಯೊಂದರಲ್ಲಿ ನಮಗೆ ಊಟ. ಕೈಕಾಲು ತೊಳೆದು ಬರುವಷ್ಟರಲ್ಲಿ ನಡುಮನೆಯಲ್ಲಿ ಎಲೆ ಹಾಕಿದ್ದರು. ಐದು ಎಲೆ. ಆರನೆಯದು ಹೊರಗೆ, ಜಗಲಿಯ ಕೆಳಗೆ.

ಯಾರೂ ಏನನ್ನೂ ಹೇಳಲಿಲ್ಲ. ಹೇಳಬೇಕಾದ ಅಗತ್ಯವೇ ಇರಲಿಲ್ಲ, ನಮಗೆಲ್ಲ ಗೊತ್ತಿತ್ತು. ನಾವು ಬಾಗಿಲಲ್ಲಿ ತಡವರಿಸುತ್ತ ನಿಂತೆವು. ಆಗ ಅವನೇ ನಕ್ಕು, “ನೀವು ಹೋಗ್ರಪ್ಪಾ. ಇಲ್ಲಿ ಗಾಳಿ ಚೆನ್ನಾಗಿ ಬರ್ತದೆ” ಎಂದನು. ನಾವು ಒಳಗೆ ಹೋದೆವು. ಪಾಯಸ ಬಹಳ ಚೆನ್ನಾಗಿತ್ತು. ಎರಡು ಸಲ ಹಾಕಿಸಿಕೊಂಡೆನೆಂದು ನೆನಪು. ಬಸ್ಸಿನಲ್ಲಿ ಮರಳುವಾಗ ಅವನು ನಮ್ಮ ನಡುವೆಯೇ ಕುಳಿತು ಪಂದ್ಯದ ಮಾತಾಡಿದನು. ನಾವೂ ಮಾತಾಡಿದೆವು.

ಸ್ವತಂತ್ರ ಭಾರತದ ಸಂವಿಧಾನ ಜಾರಿಗೆ ಬಂದು ಆಗ ಒಂಬತ್ತು ವರ್ಷ. ಅಸ್ಪೃಶ್ಯತೆಯ ಆಚರಣೆ ಅಪರಾಧವೆಂದು 1955ರಲ್ಲಿಯೇ ಕಾನೂನೂ ಆಗಿತ್ತು. ಪೌರನೀತಿಯ ಪಾಠದಲ್ಲಿ ಅದನ್ನು ಓದಿ ನಾನು ಒಳ್ಳೆಯ ಅಂಕ ತೆಗೆದಿದ್ದೆ.

ಇದು ನಮ್ಮ ಆಟಗಳಿಗೆ ಹೊಸದಲ್ಲ. ಧಾರವಾಡದಲ್ಲಿ ಹುಟ್ಟಿದ ಪಳವಂಕರ ಬಾಳೂ ಎಂಬ ದಲಿತ ಬೌಲರನನ್ನು ಪುಣೆಯ ಹಿಂದೂ ಕ್ರಿಕೆಟ್ ತಂಡದವರು ಆಡಲು ಕರೆದರು. ಅವನಿಂದ ಪಂದ್ಯಗಳನ್ನು ಗೆದ್ದರು. ಚಹಾದ ಹೊತ್ತಿಗೆ ಮಾತ್ರ ಅವರಿಗೆ ಒಳಗೆ ಪಿಂಗಾಣಿ ಬಟ್ಟಲು, ಅವನಿಗೆ ಹೊರಗೆ ಮಣ್ಣಿನ ಕುಡಿಕೆ. ಅವನು ಎಸೆದ ಚೆಂಡನ್ನು ಮುಟ್ಟಬಹುದು, ಬಟ್ಟಲನ್ನು ಮುಟ್ಟಬಾರದು. ಅಮೆರಿಕದ ದಕ್ಷಿಣದವರನ್ನು ದೂರುವ ಮೊದಲು ನಾವು ಈ ಕುಡಿಕೆಯನ್ನು ನೆನೆಯುವುದು ಒಳ್ಳೆಯದು.

ಅದಿರಲಿ. ಬೇಡವೆಂದವರಿಗೆ ಏನಾಯಿತು? ಸುಖಾಂತವಾದ ಕಥೆಗಳಲ್ಲಿ ಧರ್ಮಕ್ಕೆ ಕೂಡಲೇ ಫಲ ಸಿಗುತ್ತದೆ. ಇಲ್ಲಿ ಹಾಗಾಗಲಿಲ್ಲ. 1952ರ ಜನವರಿ 1ರಂದು ಮಯಾಮಿಯಲ್ಲಿ ಜಾರ್ಜಿಯ ಟೆಕ್ ಮತ್ತು ಬೇಲರ್ ತಂಡಗಳು ಆಡಿದವು. ಸ್ಯಾನ್ ಫ್ರಾನ್ಸಿಸ್ಕೊದ ಹುಡುಗರು ಮನೆಯಲ್ಲಿದ್ದರು. ಅಷ್ಟೇ ಅಲ್ಲ, ಸಾಲದ ಹೊರೆ ತಾಳಲಾರದೆ ಕಾಲೇಜು ಆ ತಂಡವನ್ನೇ ಮುಚ್ಚಿತು. ಬೌಲ್ ಪಂದ್ಯದ ಹಣ ಬಂದಿದ್ದರೆ ತಂಡ ಉಳಿಯುತ್ತಿತ್ತೆಂದು ಹೇಳುವವರಿದ್ದಾರೆ. ಆದರೆ ಅದೇ ಕಾಲದಲ್ಲಿ ನೆರೆಯ ಸೇಂಟ್ ಮೇರೀಸ್, ಸಾಂತ ಕ್ಲಾರ, ಲಯೋಲ ಕಾಲೇಜುಗಳೂ ತಮ್ಮ ತಂಡಗಳನ್ನು ಕೈಬಿಟ್ಟವು. ಸಣ್ಣ ಕಾಲೇಜುಗಳಿಗೆ ಆ ಆಟ ಮೀರಿದ ಖರ್ಚಾಗಿತ್ತು. ಅಂತೂ ಒಂದು ಪಂದ್ಯವನ್ನೂ ಸೋಲದ ತಂಡ ಮರುವರ್ಷ ಅಂಗಳಕ್ಕಿಳಿಯಲಿಲ್ಲ.

ಚದರಿಹೋದವರು ಎಲ್ಲೆಲ್ಲೋ ಬೆಳೆದರು. ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 400 ಮೀಟರ್ ಓಟದಲ್ಲಿ ಕಂಚನ್ನೂ ರಿಲೇ ಓಟದಲ್ಲಿ ಬೆಳ್ಳಿಯನ್ನೂ ಗೆದ್ದು, ಆಮೇಲೆ ವೃತ್ತಿಪರ ಫುಟ್‌ಬಾಲಿನ ಪ್ರಖ್ಯಾತರಲ್ಲಿ ಒಬ್ಬನಾದನು. 1959ರಲ್ಲಿ ಲಾಸ್ ಏಂಜಲಿಸಿನ ತಂಡ ಅವನೊಬ್ಬನಿಗೆ ಬದಲಾಗಿ ಒಂಬತ್ತು ಮಂದಿಯನ್ನು ಬಿಟ್ಟುಕೊಟ್ಟಿತೆಂಬುದು ಪ್ರಸಿದ್ಧ ಸಂಗತಿ. ಆ ವ್ಯವಹಾರ ನಡೆಸಿದವನು ಹಳೆಯ ಗೆಳೆಯ ರೋಜೆಲ್. ವೃತ್ತಿಪರ ಫುಟ್‌ಬಾಲಿನ ಕೀರ್ತಿಭವನಕ್ಕೆ 1972ರಲ್ಲಿ ಮ್ಯಾಟ್ಸನ್, ಮಾರ್ಕೆಟ್ಟಿ ಇಬ್ಬರೂ, 1990ರಲ್ಲಿ ಸೇಂಟ್ ಕ್ಲೇರ್ ಸೇರಿದರು. ಒಂದೇ ವರ್ಷದ ಒಂದು ಸಣ್ಣ ಕಾಲೇಜಿನ ತಂಡದಿಂದ ಮೂವರು!

ಟೋಲರನಿಗೆ ಆ ಭಾಗ್ಯವಿರಲಿಲ್ಲ. 1952ರ ಬೇಸಿಗೆಯಲ್ಲಿ ಚಿಕಾಗೊದಲ್ಲಿ ನಡೆದ ಒಂದು ಪಂದ್ಯದಲ್ಲಿ ಮಂಡಿ ಮುರಿದು ಆಟವೇ ನಿಂತಿತು. ಅವನು ಮೇಷ್ಟರಾದನು. ಸ್ಯಾನ್ ಫ್ರಾನ್ಸಿಸ್ಕೊದ ಮಕ್ಕಳಿಗೆ ಪಾಠ ಹೇಳಿ, ಅಲ್ಲಿಯ ಮಾಧ್ಯಮಿಕ ಶಾಲೆಯೊಂದಕ್ಕೆ ಮುಖ್ಯೋಪಾಧ್ಯಾಯನೂ ಆದನು. ಆ ಊರಿನಲ್ಲಿ ಅಂಥ ಹುದ್ದೆಗೇರಿದ ಕಪ್ಪು ಜನರಲ್ಲಿ ಅವನೇ ಮೊದಲಿಗ. 1965ರಲ್ಲಿ ರೋಜೆಲ್ ಕಮಿಷನರನಾಗಿದ್ದಾಗ ವೃತ್ತಿಪರ ಫುಟ್‌ಬಾಲಿನಲ್ಲಿ ತೀರ್ಪುಗಾರನಾಗಿ ನೇಮಕವಾದನು. ಅಮೆರಿಕದ ದೊಡ್ಡ ವೃತ್ತಿಪರ ಆಟಗಳಲ್ಲಿ ಯಾವುದರಲ್ಲಿಯೂ ಅದುವರೆಗೆ ಕಪ್ಪು ತೀರ್ಪುಗಾರನಿರಲಿಲ್ಲ. ಅಂಗಳದಿಂದ ಹೊರಗಿರು ಎಂದು ಯಾರಿಗೆ ಹೇಳಿದ್ದರೋ ಅವನ ಬಾಯಿಯ ಸೀಟಿಗೆ ಆಟವೇ ನಿಲ್ಲುವಂತಾಯಿತು. 1980ರಲ್ಲಿ ದೇಶದ ಅತಿದೊಡ್ಡ ಪಂದ್ಯವಾದ ಸೂಪರ್ ಬೌಲಿನಲ್ಲಿಯೂ ಅವನು ತೀರ್ಪುಗಾರರಲ್ಲೊಬ್ಬನಾಗಿದ್ದನು. ತೀರಿಕೊಂಡದ್ದು 2009ರಲ್ಲಿ.

ದಕ್ಷಿಣದ ಬಾಗಿಲುಗಳೂ ತೆರೆದವು, ತಡವಾಗಿ. 1956ರ ಜನವರಿಯಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಬಾಬಿ ಗ್ರಿಯರ್ ಶುಗರ್ ಬೌಲಿನಲ್ಲಿ ಆಡಿದ ಮೊದಲ ಕಪ್ಪು ಆಟಗಾರನಾದನು. ಎದುರು ತಂಡವಾದ ಜಾರ್ಜಿಯ ಟೆಕ್ ಅವನೊಡನೆ ಆಡಬಾರದೆಂದು ಜಾರ್ಜಿಯದ ಗವರ್ನರನೇ ಪಟ್ಟುಹಿಡಿದಾಗ, ಆ ಕಾಲೇಜಿನ ವಿದ್ಯಾರ್ಥಿಗಳೇ ಗವರ್ನರನ ವಿರುದ್ಧ ಬೀದಿಗಿಳಿದರು. ಪಂದ್ಯ ನಡೆಯಿತು. ಇತ್ತ ಡಾನ್ಸ್ ಕಾಲೇಜೂ ಬಾಸ್ಕೆಟ್‌ಬಾಲಿನಲ್ಲಿ 1955 ಮತ್ತು 1956ರಲ್ಲಿ ರಾಷ್ಟ್ರದ ಚಾಂಪಿಯನ್ ಆಯಿತು. ಅದರ ಮುಂದಾಳು ಬಿಲ್ ರಸೆಲ್ ಎಂಬ ಕಪ್ಪು ಹುಡುಗ. ಅವನಿಗಿಂತ ಮುಂಚೆ ಅದೇ ದಿಣ್ಣೆಯ ಮೇಲೆ ಇಬ್ಬರನ್ನು ಬಿಟ್ಟುಕೊಡಲೊಲ್ಲೆವೆಂದ ಹುಡುಗರು ಓಡಾಡಿದ್ದರೆಂಬುದು ಸಣ್ಣ ಸಂಗತಿಯಲ್ಲ.

ಹೊರಡುವ ಮುನ್ನ ಇನ್ನೊಮ್ಮೆ ಆ ದಿಣ್ಣೆಗೆ ಕರೆದೊಯ್ಯೆಂದು ಮೊಮ್ಮಗಳನ್ನು ಕೇಳಿದೆ. ಟೋಲರನ ಹೆಸರಿನ ಕಟ್ಟಡದ ಎದುರು ಕುಳಿತು ಈ ಕಥೆಯನ್ನೆಲ್ಲ ಹೇಳಿದೆ. ಅವಳಿಗೆ ಹಿಡಿಸಿತು. ಆಮೇಲೆ, “ತಾತ, ನೀವು ಯಾವತ್ತಾದರೂ ಟೀಮಿನಲ್ಲಿ ಆಡಿದ್ದೀರಾ?” ಎಂದು ಕೇಳಿದಳು.

ಆಡಿದ್ದೆನೆಂದೆ. ಗೆದ್ದ ಪಂದ್ಯವನ್ನು ಬಣ್ಣಿಸಿದೆ. ಮನೆಯಲ್ಲಿ ಇದುವರೆಗೆ ಯಾರಿಗೂ ಹೇಳಿರದ ಊಟದ ವಿಷಯವನ್ನೂ ಹೇಳಿದೆ. ಐದು ಎಲೆ ಒಳಗೆ, ಒಂದು ಎಲೆ ಹೊರಗೆ.

“ಆಗ ನೀವೆಲ್ಲ ಏನು ಮಾಡಿದಿರಿ?” ಎಂದಳು.

“ಉಂಡೆವು ಮಗು” ಎಂದೆ.